ಹೆಗ್ಲಾಂಡ್ ಹೋಬಳಿಯ ಸೊನ್ನೆ

ಸೊನ್ನೆ ಅಂದರೆ ಸೊನ್ನೆಯೇ. ಕೌಂಟಿ ಕಚೇರಿಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗುಂಡಗೆ ಬರೆದಿತ್ತು. ಹೆಗ್ಲಾಂಡ್ ಹೋಬಳಿ: ಹಾಲ್ವರ್ ಲುಂಡೆಗೆ ನಲವತ್ತನಾಲ್ಕು, ಸಿಗ್ನೆ ಬ್ರೆಕ್ಕೆಗೆ ಸೊನ್ನೆ. ಸಿಗ್ನೆ ಕನ್ನಡಕ ತೆಗೆದು ಶಾಲಿನ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಸೊನ್ನೆ ಅಲ್ಲೇ ಇತ್ತು. ಕೆಳಗೆ ಒಟ್ಟು ಮೊತ್ತ ಬರೆದಿತ್ತು: ಲುಂಡೆ ಆರುನೂರ ಹನ್ನೆರಡು, ಬ್ರೆಕ್ಕೆ ಆರುನೂರ ಹನ್ನೊಂದು.

ಒಂದೇ ಒಂದು ವೋಟು! ಅವಳ ಎದೆ ಧಸಕ್ಕೆಂದಿತು. ಸೋತದ್ದಕ್ಕಲ್ಲ. ಸೋಲಬಹುದು ಅಂತ ಅವಳಿಗೆ ಗೊತ್ತಿತ್ತು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಆದರೆ ಹೆಗ್ಲಾಂಡಿನಲ್ಲಿ ಸೊನ್ನೆ ಬರೋದು ಸಾಧ್ಯವೇ ಇರಲಿಲ್ಲ. ಅಲ್ಲಿ ಒಂದಾದರೂ ವೋಟು ಅವಳಿಗೆ ಬೀಳಲೇಬೇಕಿತ್ತು, ಮತ್ತು ಅದನ್ನು ಹಾಕಬೇಕಾದವನು ಸ್ವತಃ ಹಾಲ್ವರ್ ಲುಂಡೆ.

ಇದು ಅರ್ಥವಾಗಬೇಕಾದರೆ ನಮ್ಮ ನಾರ್ವೆ ಜನದ ಒಂದು ಚಾಳಿ ಹೇಳಬೇಕು. ಹಡಗು ಹತ್ತಿ ಈ ಉತ್ತರ ಡಕೋಟದ ಬಯಲಿಗೆ ಬರುವಾಗ ನಾವು ಪೆಟ್ಟಿಗೆ, ಬೈಬಲ್ಲು, ಒಣಮೀನು ಜತೆಗೆ ಅದನ್ನೂ ಹೊತ್ತು ತಂದೆವು. ಯಾವನೂ ತನ್ನನ್ನು ತಾನು ಮುಂದೆ ಮಾಡಿಕೊಳ್ಳಬಾರದು. ಕಾಫಿಗೆ ಕರೆದರೆ ಮೂರು ಸಲ ಬೇಡ ಅನ್ನಬೇಕು. ಕೊನೇ ತುಂಡು ಕೇಕು ತಟ್ಟೆಯಲ್ಲೇ ಒಣಗಬೇಕು, ಯಾರೂ ಮುಟ್ಟಬಾರದು. ಚರ್ಚಿನ ಹಿರಿಯನ ಜಾಗಕ್ಕೆ ಇಬ್ಬರು ನಿಂತರೆ ಇವನು ಅವನ ಹೆಸರು ಬರೆಯಬೇಕು, ಅವನು ಇವನದು. ತನ್ನ ಹೆಸರು ತಾನೇ ಬರೆದವನನ್ನು ಸಾಯೋವರೆಗೂ ಆಡಿಕೊಳ್ಳುತ್ತಿದ್ದರು.

ಚುನಾವಣೆಗೆ ಎರಡು ವಾರ ಮುಂಚೆ ಚರ್ಚಿನ ನೆಲಮಾಳಿಗೆಯ ಕಾಫಿ ಕೂಟದಲ್ಲಿ ಹಾಲ್ವರ್ ಲುಂಡೆಯೇ ಎದ್ದು ಬಂದು ಸಿಗ್ನೆಗೆ ಕೈ ಚಾಚಿದ್ದ. ರಸ್ತೆ ಸೇತುವೆ ನೋಡಿಕೊಳ್ಳುವ ಕೌಂಟಿ ಮಂಡಳಿಯಲ್ಲಿ ಎಂಟು ವರ್ಷದಿಂದ ಕೂತಿದ್ದ ಮನುಷ್ಯ, ಈ ಸಲ ಅದೇ ಕುರ್ಚಿಗೆ ಸಿಗ್ನೆಯ ಎದುರು ನಿಂತಿದ್ದ. ಅಗಲ ಭುಜ, ಕಡಿಮೆ ಮಾತು.

"ಟೀಚರಮ್ಮ, ನನ್ನ ವೋಟು ನಿಮಗೆ," ಅಂದ.

"ನನ್ನದು ನಿಮಗೆ ಲುಂಡೆಯವರೇ," ಅಂದಳು ಇವಳು.

"ಅಯ್ಯೋ, ಹಾಗಾದ್ರೆ ಇಬ್ಬರೂ ಮನೇಲೇ ಇರಿ, ಪೆನ್ಸಿಲ್ಲಾದ್ರೂ ಉಳಿಯುತ್ತೆ," ಅಂತ ಯಾರೋ ಅಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಬ್ಬರೂ ಎಲ್ಲರ ಎದುರಿಗೆ ಕೈ ಕುಲುಕಿದರು.

ಸಿಗ್ನೆ ಮಾತು ಉಳಿಸಿಕೊಂಡಳು. ಮಂಗಳವಾರ ನೋರ್ಡಾಲ್ ಹೋಬಳಿಯ ಮತಗಟ್ಟೆಯಲ್ಲಿ, ಪರದೆ ಹಿಂದೆ, ತನ್ನ ಹೆಸರಿನ ಮುಂದಿನ ಚೌಕವನ್ನು ಒಂದು ಗಳಿಗೆ ನೋಡಿ, ಲುಂಡೆಯ ಹೆಸರಿಗೆ ಗುರುತು ಹಾಕಿ ಬಂದಳು. ಅವನೂ ಅಷ್ಟೇ ಮಾಡಿದ್ದರೆ ಒಂದು ವೋಟಿನಿಂದ ಇವಳೇ ಗೆಲ್ಲುತ್ತಿದ್ದಳು. ಲೆಕ್ಕ ಅಷ್ಟು ಸುಲಭವಾಗಿತ್ತು, ಅದಕ್ಕೇ ಅಷ್ಟು ಉರಿಯುತ್ತಿತ್ತು. ಮುಖ ನೋಡಿದರೆ ಏನೂ ಅರಿಯದ ಹಸುವಿನ ಹಾಗೆ ಇದ್ದಾನೆ, ಮೋಸ ಮಾಡಿಬಿಟ್ಟನಲ್ಲ! ಚರ್ಚಿನೊಳಗೆ ಕೈ ಕೊಟ್ಟು!

ಈ ಸಿಗ್ನೆ ಬ್ರೆಕ್ಕೆ ನಿನ್ನೆ ಮೊನ್ನೆ ಎದ್ದು ಬಂದು ಕುರ್ಚಿ ಕೇಳಿದವಳಲ್ಲ. ಆರು ವರ್ಷದವಳಿದ್ದಾಗ ಅಪ್ಪ ಅಮ್ಮನ ಜತೆ ಇಲ್ಲಿಗೆ ಬಂದವಳು. ಹದಿನೇಳಕ್ಕೆ, ಹುಲ್ಲುಬೇರಿನ ಮಣ್ಣುಹೆಂಟೆ ಪೇರಿಸಿದ ಗೋಡೆಯ ಒಂದೇ ಕೋಣೆಯ ಶಾಲೆಯಲ್ಲಿ ಪಾಠ ಹೇಳಲು ನಿಂತಳು. ಮೂವತ್ತೊಂದು ಮಕ್ಕಳು, ಅದರಲ್ಲಿ ಮೂವರು ಅವಳಿಗಿಂತ ಎತ್ತರ. ಮೊದಲ ದಿನವೇ ಅವರಲ್ಲೊಬ್ಬ, "ಮಿಸ್, ನಿಮಗೆ ಓದೋಕೆ ಬರುತ್ತಾ?" ಅಂತ ಕೇಳಿದ. "ಬರುತ್ತೆ. ನಿನಗೆ ಒಲೆ ಬೂದಿ ಎತ್ತೋಕೆ ಬರುತ್ತಾ?" ಅಂದಳು. ಆ ಚಳಿಗಾಲ ಪೂರ್ತಿ ಬೂದಿ ಎತ್ತಿದವನು ಅವನೇ.

ಇಪ್ಪತ್ತನಾಲ್ಕಕ್ಕೆ ಎಂಡ್ರೆಯನ್ನು ಮದುವೆಯಾದಳು. ಮದುವೆಯಾದ ಹೆಂಗಸು ಪಾಠ ಹೇಳಬಾರದು ಅನ್ನೋದು ಆ ಕಾಲದ ಕಟ್ಟಳೆ. ಶಾಲೆ ಬಿಡಿಸಿದರು. ಆದರೆ ನಮ್ಮ ಕಾನೂನಿನ ಚೆಂದ ನೋಡಿ: ಒಂದು ಶಾಲೆಯಲ್ಲಿ ಪಾಠ ಹೇಳಕೂಡದ ಹೆಂಗಸು ಇಡೀ ಕೌಂಟಿಯ ಶಾಲೆಗಳ ಮೇಲ್ವಿಚಾರಕಿಯಾಗಲು ಚುನಾವಣೆಗೆ ನಿಲ್ಲಬಹುದಿತ್ತು! ಆ ಒಂದು ಕೆಲಸಕ್ಕೆ ಹೆಂಗಸರಿಗೆ ವೋಟೂ ಇತ್ತು. ಆದರೆ ಅವರ ಚೀಟಿ ಬೇರೆ, ಪೆಟ್ಟಿಗೆ ಬೇರೆ. ಹೆಂಗಸರ ಚೀಟಿ ಗಂಡಸರ ಚೀಟಿ ಪಕ್ಕ ಬಿದ್ದರೆ ಮರಿ ಹಾಕುತ್ತವೆ ಅಂತ ಭಯವಿತ್ತೋ ಏನೋ. ಸಿಗ್ನೆ ನಿಂತಳು, ಗೆದ್ದಳು. ಮೂರು ಅವಧಿ, ಆರು ವರ್ಷ, ಹೆಣ್ಣುಕುದುರೆ ಕಟ್ಟಿದ ಗಾಡಿಯಲ್ಲಿ ಎಂಬತ್ತೇಳು ಶಾಲೆ ಸುತ್ತಿದಳು. ಜನರ ಬಾಯಲ್ಲಿ 'ಟೀಚರಮ್ಮ' ಅನ್ನೋದು ಹಾಗೇ ಉಳಿಯಿತು.

ಆ ಸುತ್ತಾಟದಲ್ಲೇ ಬಾತುಹಳ್ಳದ ವಿಷಯ ಅವಳ ತಲೆಗೆ ಹೊಕ್ಕಿದ್ದು. ಹಳ್ಳ ಹೆಗ್ಲಾಂಡ್ ಹೋಬಳಿಯ ನಡುವೆ ಹರಿಯುತ್ತದೆ. ಈ ದಡದಲ್ಲಿ ಮನೆಗಳು, ಆ ದಡದಲ್ಲಿ ಶಾಲೆ, ನಡುವೆ ಸೇತುವೆ ಇಲ್ಲ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟುತ್ತಾರೆ, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ನಡೆಯುತ್ತಾರೆ. ಗಡ್ಡೆ ಕರಗುವ ಏಪ್ರಿಲ್ ತಿಂಗಳಲ್ಲಿ ದೇವರೇ ಗತಿ. ಸಿಗ್ನೆ ಮೇಲ್ವಿಚಾರಕಿಯಾಗಿ ಕೌಂಟಿ ಮಂಡಳಿಗೆ ಮೂರು ಸಲ ಕಾಗದ ಬರೆದಳು. ಮೂರು ಸಲವೂ 'ಪರಿಶೀಲಿಸಲಾಗುವುದು' ಅಂತ ಉತ್ತರ ಬಂತು. ಸಾವಿರದ ಒಂಬೈನೂರ ಹತ್ತೊಂಬತ್ತರ ಏಪ್ರಿಲ್‌ನಲ್ಲಿ ಆಸ್ತಾ ಅನ್ನೋ ಒಂಬತ್ತು ವರ್ಷದ ಹುಡುಗಿ ಶಾಲೆಗೆ ಹೋಗುವಾಗ ಗಡ್ಡೆ ಒಡೆದು ಹಳ್ಳದ ಪಾಲಾದಳು. ಹಾಲ್ವರ್ ಲುಂಡೆಯ ಮಗಳು.

ಹೌದು, ಅದೇ ಲುಂಡೆ. ಮಂಡಳಿಯಲ್ಲಿ ಕೂತು ಕೌಂಟಿಯಲ್ಲಿ ಹನ್ನೊಂದು ಸೇತುವೆ ಕಟ್ಟಿಸಿದವನು. ತನ್ನ ಮನೆ ಮುಂದಿನ ಹಳ್ಳಕ್ಕೆ ಮಾತ್ರ ಕಟ್ಟಿಸಲಿಲ್ಲ. ಮಗಳು ಹೋದ ಮೇಲೂ ಕಟ್ಟಿಸಲಿಲ್ಲ. ಅದು ಸಿಗ್ನೆಯ ತಲೆಗೆ ಹೋಗಲೇ ಇಲ್ಲ. ಹೆಂಗಸರಿಗೆ ಎಲ್ಲ ಚುನಾವಣೆಗೂ ವೋಟು ಬಂದು ಎರಡು ವರ್ಷವಾದ ಮೇಲೆ, ಇಪ್ಪತ್ತೆರಡರಲ್ಲಿ, ಅವಳು ಮಂಡಳಿಗೇ ನಿಂತಳು. ಆ ಕೌಂಟಿಯಲ್ಲಿ ಅಲ್ಲಿಯವರೆಗೆ ಯಾವ ಹೆಂಗಸೂ ನಿಂತಿರಲಿಲ್ಲ. "ರಸ್ತೆಗೆ ಜಲ್ಲಿ ಹಾಕೋದು ಅಂದ್ರೆ ಕೇಕಿಗೆ ಸಕ್ಕರೆ ಉದುರಿಸಿದ ಹಾಗೆ ಅಂದ್ಕೊಂಡಿದಾರೆ," ಅಂತ ಗಂಡಸರು ಕುಹಕವಾಡಿದರು. ಅವಳಿಗೆ ಬೇಕಿದ್ದದ್ದು ಜಲ್ಲಿಯಲ್ಲ. ಬಾತುಹಳ್ಳಕ್ಕೆ ಒಂದು ಸೇತುವೆ. ಆ ಕುರ್ಚಿ ಇಲ್ಲದೆ ಅದು ಆಗುವ ಹಾಗಿರಲಿಲ್ಲ. ಈಗ ಕುರ್ಚಿ ಒಂದು ವೋಟಿಗೆ ಹೋಯಿತು.

ಮನೆಯಲ್ಲಿ ಬೇರೆಯೇ ರಾಮಾಯಣ ಕಾದಿತ್ತು. ಕರಿಹಲಗೆಯ ಮೇಲೆ ಅವಳದೇ ನೋರ್ಡಾಲ್ ಹೋಬಳಿಯ ಸಾಲೂ ಇತ್ತಲ್ಲ: ಬ್ರೆಕ್ಕೆಗೆ ಮೂವತ್ತೆಂಟು, ಲುಂಡೆಗೆ ಒಂದು. ಆ ಒಂದು ಯಾರದು ಅಂತ ಊರಿಗೆ ಊರೇ ತಲೆ ಕೆಡಿಸಿಕೊಂಡಿತು. ಕಾಫಿ ಕೂಟದ ಕೈಕುಲುಕನ್ನು ತಮಾಷೆ ಅಂದುಕೊಂಡಿದ್ದರಿಂದ ಸಿಗ್ನೆಯನ್ನು ಯಾರೂ ಕೇಳಲಿಲ್ಲ; ಉಳಿದ ಮೂವತ್ತೆಂಟು ಜನರಲ್ಲಿ ಪ್ರತಿಯೊಬ್ಬರೂ ತಾವಲ್ಲ ಅಂತ ಆಣೆ ಇಟ್ಟರು. ಕೊನೆಗೆ ಎಲ್ಲರ ಕಣ್ಣೂ ಒಬ್ಬನ ಮೇಲೆ ಬಿತ್ತು. ಎಂಡ್ರೆ ಗುರುವಾರ ಅಂಗಡಿಯಿಂದ ಬಂದವನೇ ಟೋಪಿಯನ್ನು ಮೇಜಿನ ಮೇಲೆ ಎಸೆದ.

"ನಾನಂತೆ! ಎಲ್ಲರೂ ನನ್ನ ಮುಖಾನೇ ನೋಡ್ತಾರೆ. ಆ ಅಂಗಡಿ ಟೋರ್ಗರ್ ಕೇಳ್ತಾನೆ, 'ಯಾಕೋ ಎಂಡ್ರೆ, ಹೆಂಡತಿ ಮೀಟಿಂಗಿಗೆ ಹೋದ್ರೆ ಆಲೂಗಡ್ಡೆ ಯಾರು ಬೇಯಿಸ್ತಾರೆ ಅನ್ನೋ ಚಿಂತೆನಾ?' ಅಂತ. ಅವನ ಹೆಂಡತಿ ನನಗೆ ಮೊಳೆ ಕೊಡೋವಾಗ ಕೈ ಮೇಲಿಂದ ಬಿಡ್ತಾಳೆ, ಕುಷ್ಠ ಹಿಡಿದೋನಿಗೆ ಕೊಟ್ಟ ಹಾಗೆ!"

"ಎಂಡ್ರೆ, ಕೂತ್ಕೋ."

"ಕೂತ್ಕೊಳ್ಳಲ್ಲ. ನೀನೂ ನನ್ನ ಮೇಲೇ ಅನುಮಾನ ಪಡ್ತಿದೀಯಾ? ಹೇಳಿಬಿಡು."

"ಆ ಒಂದು ವೋಟು ನಂದು."

ಎಂಡ್ರೆ ಕುರ್ಚಿ ಎಳೆದುಕೊಂಡು ಕೂತ.

"ಲುಂಡೆಗೆ ಹಾಕಿದ್ದು?"

"ಲುಂಡೆಗೆ."

"ನೀನೇ?"

"ನಾನೇ."

"ನಿನ್ನ ಕೈಯಾರೆ?"

"ಪೆನ್ಸಿಲ್ಲು ಕಾಲಲ್ಲಿ ಹಿಡೀತಾರಾ? ಮಾತು ಕೊಟ್ಟಿದ್ದೆ. ನೀನೂ ಅಲ್ಲೇ ಕಾಫಿ ಕುಡೀತಾ ಕೂತಿದ್ದೆಯಲ್ಲ."

"ಉಫ್ ದಾ!" ಅಂದ ಎಂಡ್ರೆ. ನಮ್ಮ ಜನರ ಬಾಯಲ್ಲಿ ಸೊಂಟ ಉಳುಕಿದರೂ ಅದೇ, ಹಸು ಸತ್ತರೂ ಅದೇ. "ಅದು ಚರ್ಚಿನ ಹಿರಿಯನ ಜಾಗ ಆಗಿದ್ರೆ ಸರಿ ಕಣೇ! ಇದು ಸರ್ಕಾರ! ನಿನ್ನ ಹೆಸರಿಗೇ ಗೀಚಿದ್ರೆ ನೀನು ಗೆಲ್ತಿದ್ದೆ. ಇಡೀ ಬೇಸಿಗೆ ನಾನು ನಿನ್ನ ಗಾಡಿ ಓಡಿಸಿದೆ, ಗೋಧಿ ಕೊಯ್ಲು ಬಿಟ್ಟು! ಮಡ್ಡೀ!"

"ಅವನು ಮಾತು ಉಳಿಸ್ಕೊಂಡಿದ್ರೂ ಗೆಲ್ತಿದ್ದೆ," ಅಂದಳು. "ಸೊನ್ನೆ ಎಂಡ್ರೆ! ನೋಡಬೇಕಿತ್ತು ನೀನು. ಅಷ್ಟು ದೊಡ್ಡ ಮನುಷ್ಯ, ಚರ್ಚಿನ ಮುಂದಿನ ಬೆಂಚಲ್ಲಿ ಕೂರೋನು. ನನಗೆ ಕೈ ಕೊಟ್ಟು ಹೋಗಿ ತನಗೇ ಹಾಕ್ಕೊಂಡ."

ಎಂಡ್ರೆಗೆ ಬೈಯುವ ಉಮೇದು ಇಳಿಯಿತು. ಎದ್ದು ಅವಳಿಗೆ ಕಾಫಿ ಬಗ್ಗಿಸಿದ. "ಎಣಿಕೆ ಸರಿಯಿಲ್ಲ ಅಂತ ಅರ್ಜಿ ಹಾಕು. ಹತ್ತು ದಿನದೊಳಗೆ ಹಾಕಬಹುದು. ಪೆಟ್ಟಿಗೆ ತೆಗೆಸು."

"ಹಾಕಿದ್ರೆ ಏನಂತಾರೆ ಗೊತ್ತಾ? ಕುರ್ಚಿಗೆ ಜೋತು ಬಿದ್ದಿದಾಳೆ ಅಂತಾರೆ. ಸೋತಿದ್ದು ಸಾಲದು ಅಂತ ಭಿಕ್ಷೆ ಬೇಡ್ತಿದಾಳೆ ಅಂತಾರೆ. ಹೆಂಗಸು ಬೇರೆ. ನನ್ನಿಂದಾಗಲ್ಲ."

ಆಗಲೇ ಇಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಎಂಡ್ರೆ ಊರಿನ ಕಣ್ಣಿಗೆ ಹೆಂಡತಿದ್ರೋಹಿಯಾಗಿಯೇ ಉಳಿದ, ಯಾಕೆಂದರೆ ಅವಳ ಗುಟ್ಟು ಬಿಟ್ಟುಕೊಡಲಿಲ್ಲ. ಸಿಗ್ನೆ ಚರ್ಚು ಬಿಟ್ಟರೆ ಬೇರೆಲ್ಲೂ ಹೋಗುವುದನ್ನೇ ಬಿಟ್ಟಳು. ಹಿಟ್ಟು ನಾದುವಾಗ ಆ ಸೊನ್ನೆ ಕಣ್ಣ ಮುಂದೆ, ಬಟ್ಟೆ ಹಿಂಡುವಾಗ ಆ ಸೊನ್ನೆ ಕಣ್ಣ ಮುಂದೆ. ಭಾನುವಾರ ಚರ್ಚಿನ ಬಾಗಿಲಲ್ಲಿ ಲುಂಡೆ ಎದುರಿಗೆ ಬಂದು ಟೋಪಿ ತೆಗೆದರೆ ಅವಳು ಮುಖ ತಿರುಗಿಸಿ ಹೋದಳು. ಅವನು ಟೋಪಿ ಹಿಡಿದುಕೊಂಡು ನಿಂತೇ ಇದ್ದ. ಏನು ನಾಟಕ ಆಡ್ತಾನೆ ಇವನು ಅಂದುಕೊಂಡಳು.

ಒಂಬತ್ತನೇ ದಿನ, ಗುರುವಾರ ಮಧ್ಯಾಹ್ನ, ಹಿಮದ ಮೇಲೆ ಜಾರುಗಾಡಿಯೊಂದು ಬಂದು ಅಂಗಳದಲ್ಲಿ ನಿಂತಿತು. ಇಳಿದವಳು ಮಾರ್ತೆ, ಲುಂಡೆಯ ಹೆಂಡತಿ. ಚಿಕ್ಕಂದಿನಲ್ಲಿ ಸಿಗ್ನೆಯ ಜತೆ ಒಂದೇ ಬೆಂಚಿನಲ್ಲಿ ಕೂತು ಪಾದ್ರಿಯ ಪಾಠ ಕಲಿತವಳು. ಮಗಳು ಹೋದ ಮೇಲೆ ಯಾರ ಮನೆಗೂ ಹೋಗುತ್ತಿರಲಿಲ್ಲ. ಸಿಗ್ನೆ ಬಾಗಿಲಿಗೆ ಅಡ್ಡವಾಗಿ ನಿಂತಳು.

"ಒಳಗೆ ಕರೆಯಲ್ವಾ?" ಅಂದಳು ಮಾರ್ತೆ.

"ನಿನ್ನ ಗಂಡ ಕಳಿಸಿದ್ನಾ?"

"ಅವನಿಗೆ ನಾನು ಬಂದಿದ್ದೇ ಗೊತ್ತಿಲ್ಲ. ಮೊದಲು ಒಲೆ ಹತ್ತಿರ ಬಿಡು, ಕೈ ಮರಗಟ್ಟಿದೆ."

ಒಳಗೆ ಬಂದು ಕೈಗವಸು ಕೂಡ ತೆಗೆಯದೆ ಒಲೆಯ ಮುಂದೆ ನಿಂತಳು. ಸಿಗ್ನೆ ಕಾಫಿ ಬೇಕಾ ಅಂತ ಕೇಳಲಿಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇಲ್ಲ.

"ಸಿಗ್ನೆ, ಹೆಗ್ಲಾಂಡಲ್ಲಿ ನಿನಗೆ ಎಷ್ಟು ಅಂತ ಹಾಕಿದಾರೆ?"

"ಗೊತ್ತಿಲ್ಲದೋಳ ಹಾಗೆ ಕೇಳ್ತೀಯಲ್ಲ. ಸೊನ್ನೆ."

"ಪತ್ರಿಕೇಲಿ ಅಚ್ಚು ತಪ್ಪಿರಬೇಕು ಅಂದ್ಕೊಂಡಿದ್ದೆ. ನಿಜವಾಗ್ಲೂ ಸೊನ್ನೆನಾ?"

"ನಿಜವಾಗ್ಲೂ."

"ಹಾಗಾದ್ರೆ ನಂದು ಎಲ್ಲಿ ಹೋಯ್ತು?" ಅಂದಳು ಮಾರ್ತೆ. "ನಾನು ನಿನಗೇ ಹಾಕಿದ್ದು."

ಸಿಗ್ನೆ ಮೇಜು ಹಿಡಿದುಕೊಂಡಳು. ಎಂಟು ದಿನದಿಂದ ಒಬ್ಬನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದವಳಿಗೆ ನೆಲವೇ ಜಾರಿದಂತಾಯಿತು.

"ನಿನ್ನ ಗಂಡನ ವಿರುದ್ಧ? ನೀನು?"

"ಯಾಕೆ, ನನಗೆ ವೋಟಿಲ್ವಾ? ಪೆನ್ಸಿಲ್ಲು ಒತ್ತಿ ಒತ್ತಿ ಹಾಕಿದೀನಿ, ಕಾಗದ ಹರಿಯೋ ಹಾಗೆ. ಎಣಿಸಿದೋರು ಕುರುಡರಾಗಿರಬೇಕು, ಇಲ್ಲಾ ಕಳ್ಳರಾಗಿರಬೇಕು. ನಾಳೆ ಕೊನೇ ದಿನ. ಅರ್ಜಿ ಹಾಕು."

"ಹೇಗೆ ಹಾಕಲಿ ಮಾರ್ತೆ? ಜನ ಏನಂತಾರೆ? ತನಗೋಸ್ಕರ ಹೋಗಿ ಕೈ ಚಾಚಿ ನಿಂತ್ಲು ಅಂತ..."

ಮಾರ್ತೆ ಸರಕ್ಕನೆ ತಿರುಗಿದಳು. ಅಷ್ಟು ಮೆತ್ತಗಿನ ಹೆಂಗಸು, ಮುಖ ಕೆಂಪೇರಿತು.

"ಇದೇ ಮಾತು! ಇದೇ ಮಾತು ನನ್ನ ಗಂಡಾನೂ ಅಂದಿದ್ದು! ಹೆಗ್ಲಾಂಡಿಗೆ ಸೇತುವೆ ಯಾಕಿಲ್ಲ ಗೊತ್ತಾ ನಿನಗೆ? ಸೇತುವೆ ಕಟ್ಟಿದ್ರೆ ನಮ್ಮ ಗೇಟಿನ ಮುಂದೇನೇ ಕಟ್ಟಬೇಕು, ಬೇರೆ ಕಡೆ ದಡ ಮೆದು. 'ಮಂಡಳೀಲಿ ಕೂತು ನನ್ನ ಮನೆಗೇ ಸೇತುವೆ ಮಾಡ್ಕೊಂಡೆ ಅಂತಾರೆ ಮಾರ್ತೆ, ಮೊದಲು ಬೇರೆಯೋರದಾಗಲಿ' ಅಂದ. ಬೇರೆಯೋರದು ಹನ್ನೊಂದಾಯ್ತು. ನನ್ನ ಆಸ್ತಾ ಹೋದ್ಲು. ಆಮೇಲೂ, 'ಈಗ ಕಟ್ಟಿಸಿದ್ರೆ ಸ್ವಂತ ಮಗು ಹೋದ್ಮೇಲೆ ಬುದ್ಧಿ ಬಂತು ಅಂತಾರೆ' ಅಂದ. ಜನ ಏನಂತಾರೆ, ಜನ ಏನಂತಾರೆ! ನೀನೂ ಅದನ್ನೇ ಹೇಳ್ತೀಯಾ? ಹಾಗಾದ್ರೆ ನಿನಗೆ ಯಾಕೆ ಹಾಕಿದೆ ನಾನು?"

ಮೂರು ವರ್ಷ ಸಿಗ್ನೆ ಲುಂಡೆಯನ್ನು ಕಲ್ಲೆದೆಯವನು ಅಂದುಕೊಂಡಿದ್ದಳು. ಕಲ್ಲೂ ಅಲ್ಲ, ಕಬ್ಬಿಣವೂ ಅಲ್ಲ. ಬರೀ ಮರ್ಯಾದೆ. ಅವಳ ಕೈಯಿಂದ ಲುಂಡೆಯ ಹೆಸರಿಗೆ ಗುರುತು ಹಾಕಿಸಿದ ಅದೇ ಮರ್ಯಾದೆ ಒಂದು ಮಗುವನ್ನು ನುಂಗಿತ್ತು. ಅವಳೂ ಲುಂಡೆಯೂ ಚಿಕ್ಕಂದಿನಲ್ಲಿ ಕಲಿತ ಪಾಠ ಒಂದೇ.

"ಎಂಡ್ರೆ!" ಅಂತ ಕೂಗಿದಳು. "ಕುದುರೆ ಕಟ್ಟು. ಪಟ್ಟಣಕ್ಕೆ ಹೋಗಬೇಕು."

"ಈಗಲೇನಾ? ಹಿಮ ಬೀಳ್ತಾ ಇದೆ!"

"ಬೀಳಲಿ."

ಆಮೇಲೆ ಮಾರ್ತೆಗೆ ಕಾಫಿ ಕೊಟ್ಟಳು. ಮಾರ್ತೆ ಒಂದು ಸಲವೂ ಬೇಡ ಅನ್ನದೆ ಕುಡಿದಳು.

ಮರುಸೋಮವಾರ ಕೌಂಟಿ ಕಚೇರಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹೆಡ್ ಗುಮಾಸ್ತ ವಿಪಲ್ ದೇಶದ ಪೂರ್ವ ಭಾಗದವನು, ನಮ್ಮ ನಾರ್ವೆಯವನಲ್ಲ. ಹಿಂದಿನ ಹತ್ತು ವರ್ಷದಲ್ಲಿ ನಮ್ಮ ಜನರನ್ನು ಅರ್ಥ ಮಾಡಿಕೊಳ್ಳಲು ಹೋಗಿ ತಲೆಕೂದಲು ಕಳೆದುಕೊಂಡವನು. ಹೆಗ್ಲಾಂಡಿನ ತಗಡಿನ ಪೆಟ್ಟಿಗೆಯ ಅರಗು ಒಡೆದು ಚೀಟಿಗಳನ್ನು ಒಂದೊಂದಾಗಿ ಎತ್ತಿ ಓದತೊಡಗಿದ. ಮುಂದಿನ ಸಾಲಿನ ಒಂದು ತುದಿಗೆ ಸಿಗ್ನೆ, ಎಂಡ್ರೆ. ಇನ್ನೊಂದು ತುದಿಗೆ ಲುಂಡೆ, ಪಕ್ಕದಲ್ಲಿ ಮಾರ್ತೆ. ಗೋಡೆಗೆ ಒರಗಿ ಹೆಗ್ಲಾಂಡ್ ಮತಗಟ್ಟೆಯಲ್ಲಿ ವೋಟು ಎಣಿಸಿದ ಮೂವರು ಪಂಚರು ನಿಂತಿದ್ದರು.

"ಲುಂಡೆ. ಲುಂಡೆ. ಲುಂಡೆ." ಹದಿನೇಳು ಸಲ ಅದೇ. ಹದಿನೆಂಟನೆಯದಕ್ಕೆ ವಿಪಲ್ ತಡೆದ. ಚೀಟಿಯನ್ನು ಬೆಳಕಿಗೆ ಹಿಡಿದ. "ಬ್ರೆಕ್ಕೆ."

ಕೋಣೆ ಗುಜುಗುಜು ಅಂದಿತು. ಹದಿನೆಂಟನೇ ಚೀಟಿ ಹರಿಯುವಷ್ಟು ಒತ್ತಿ ಗೀಚಿದ್ದು. ಸಿಗ್ನೆ ಕಣ್ಣು ಮುಚ್ಚಿಕೊಂಡಳು. ಒಂದು ಲುಂಡೆಯಿಂದ ಕಳೆದು ಇವಳಿಗೆ ಸೇರಿತು. ಅಷ್ಟಕ್ಕೇ ಅವಳು ಗೆದ್ದಂತಾಯಿತು.

ಆದರೆ ವಿಪಲ್ ಓದುತ್ತಲೇ ಹೋದ. ಮೂವತ್ತಾರನೆಯದು. "ಬ್ರೆಕ್ಕೆ."

ಎರಡು! ಎರಡನೆಯದು ಯಾರದು? ಮಾರ್ತೆ ಗಂಡನ ಕಡೆ ತಿರುಗಿದಳು. ಅದೇ ಗಳಿಗೆಗೆ ಲುಂಡೆ ಹೆಂಡತಿಯ ಕಡೆ ತಿರುಗಿದ. ಇಬ್ಬರೂ ಒಬ್ಬರನ್ನೊಬ್ಬರು ಈ ಜನ್ಮದಲ್ಲಿ ಮೊದಲ ಸಲ ನೋಡಿದವರ ಹಾಗೆ ನೋಡಿದರು. ಸಿಗ್ನೆಗೆ ಆಗ ಹೊಳೆಯಿತು. ಅವನು ಮಾತು ಉಳಿಸಿಕೊಂಡಿದ್ದ. ಚರ್ಚಿನ ಬಾಗಿಲಲ್ಲಿ ಟೋಪಿ ಹಿಡಿದು ನಿಂತವನಿಗೆ ತಾನು ಮುಖ ತಿರುಗಿಸಿ ಬಂದಿದ್ದಳು!

ವಿಪಲ್ ಚೀಟಿಗಳನ್ನು ಕೆಳಗಿಟ್ಟು ಪಂಚರ ಕಡೆ ನೋಡಿದ. "ನಲವತ್ತೆರಡು, ಎರಡು. ನೀವು ನಲವತ್ತನಾಲ್ಕು, ಸೊನ್ನೆ ಅಂತ ಬರೆದು ಮೂರು ಜನ ಸಹಿ ಹಾಕಿದೀರಿ. ಎಣಿಸೋಕೆ ಬರಲ್ವಾ?"

ಹಿರಿಯ ಪಂಚ ಆಸ್ಲೆ ಟ್ವೆಟೆನ್ ಒಂದು ಹೆಜ್ಜೆ ಮುಂದೆ ಬಂದ. ಚರ್ಚಿನ ಕಾರ್ಯದರ್ಶಿ, ಇಪ್ಪತ್ತು ವರ್ಷದಿಂದ ಒಂದು ಸುಳ್ಳೂ ಹೇಳಿದವನಲ್ಲ.

"ಬರುತ್ತೆ ಸಾಹೇಬ್ರೆ. ಸರಿಯಾಗೇ ಎಣಿಸಿದ್ವಿ. ನಲವತ್ತೆರಡು, ಎರಡು. ಆಮೇಲೆ ಸರ್ವಾನುಮತ ಮಾಡಿದ್ವಿ."

"ಏನು ಮಾಡಿದ್ರಿ?"

"ಸರ್ವಾನುಮತ. ಚರ್ಚಲ್ಲಿ ಯಾವಾಗ್ಲೂ ಹಾಗೇ ಅಲ್ವಾ. ಎಣಿಸಿ ಮುಗಿದ ಮೇಲೆ ಒಬ್ಬ ಸೂಚಿಸ್ತಾನೆ, ಇನ್ನೊಬ್ಬ ಅನುಮೋದಿಸ್ತಾನೆ, ಎಲ್ಲಾ ಒಂದೇ ಕಡೆ ಅಂತ ಬರ್ಕೋತೀವಿ. ಆಗ ಯಾರು ಯಾರ ವಿರುದ್ಧ ಹಾಕಿದ್ರು ಅನ್ನೋ ಪಿಸುಪಿಸು ಇರಲ್ಲ. ಸಣ್ಣ ಹೋಬಳಿ ಸಾಹೇಬ್ರೆ, ಚಳಿಗಾಲ ಉದ್ದ. ಎರಡು ವೋಟು ಯಾರದು ಅಂತ ಶುರುವಾದ್ರೆ ಮಾರ್ಚ್ ತಿಂಗಳವರೆಗೂ ಕಿತ್ತಾಡ್ತಾರೆ."

"ಚುನಾವಣೆ ರೀ ಇದು!" ವಿಪಲ್ ಮೇಜು ಗುದ್ದಿದ. "ಕಾಫಿ ಕೂಟ ಅಲ್ಲ!"

"ಕಾಫಿ ಕುಡಿದೇ ಮಾಡಿದ್ದು," ಅಂದ ಟ್ವೆಟೆನ್. ಪಾಪ, ನಿಜವಾಗಿಯೂ ಅದು ಸಮಾಧಾನದ ಮಾತು ಅಂದುಕೊಂಡೇ ಹೇಳಿದ.

ವಿಪಲ್ ಜೈಲು ಅಂದ, ದಂಡ ಅಂದ, ಕೊನೆಗೆ ನೀರು ಕುಡಿದು ಕೂತ. ಉಳಿದ ಪೆಟ್ಟಿಗೆಗಳಲ್ಲಿ ಎಣಿಕೆ ಇದ್ದಹಾಗೇ ಇತ್ತು. ಬ್ರೆಕ್ಕೆ ಆರುನೂರ ಹದಿಮೂರು, ಲುಂಡೆ ಆರುನೂರ ಹತ್ತು. ಆ ಕುರ್ಚಿಯಲ್ಲಿ ಸಿಗ್ನೆ ಎಂಟು ವರ್ಷ ಕೂತಳು. ಆಮೇಲೆ ಜನ ಅವಳನ್ನು ರಾಜಧಾನಿ ಬಿಸ್ಮಾರ್ಕಿನ ಶಾಸನಸಭೆಗೂ ಕಳಿಸಿದರು. ಅಲ್ಲಿ ಅವಳು ಎದ್ದು ನಿಂತರೆ ದೊಡ್ಡ ದೊಡ್ಡ ಮೀಸೆಗಳು ಕೈಯಲ್ಲಿದ್ದ ಪತ್ರಿಕೆ ಮಡಚಿ ಕೂರುತ್ತಿದ್ದವು. ಅದೆಲ್ಲ ಆಮೇಲಿನ ಮಾತು. ಆ ಸೋಮವಾರ ಅವಳಿಗೆ ಗೆದ್ದ ಖುಷಿ ಒಂದು ಸಾಸಿವೆಯಷ್ಟೂ ಇರಲಿಲ್ಲ. ಕೈ ಕುಲುಕಲು ಬಂದವರನ್ನೆಲ್ಲ ಸರಿಸಿಕೊಂಡು ಲುಂಡೆಯನ್ನು ಹುಡುಕಿ ಹೊರಟಳು. ಕ್ಷಮೆ ಕೇಳಬೇಕಿತ್ತು.

ಹೊರಗಿನ ಮೆಟ್ಟಿಲ ಹತ್ತಿರ ಗಂಡ ಹೆಂಡತಿ ನಿಂತಿದ್ದರು. ಮಾರ್ತೆಯ ಎರಡೂ ಕೈ ಅವನ ಕೋಟಿನ ತೋಳು ಹಿಡಿದಿದ್ದವು.

"ನೀನೂನಾ?" ಅನ್ನುತ್ತಿದ್ದಳು. "ಹಾಲ್ವರ್, ನೀನೂ ಅವಳಿಗೇನಾ?"

"ಮಾತು ಕೊಟ್ಟಿದ್ದೆನಲ್ಲ."

"ಮಾತಿಗೋಸ್ಕರ ಹಾಕಿದ್ದಾ?"

"ಅಲ್ಲ," ಅಂದ ಲುಂಡೆ. "ಮಾತು ಕೊಟ್ಟಿದ್ದೇ ಹಾಕಬೇಕು ಅಂತ. ಇನ್ನೊಂದು ಸಲ ಗೆದ್ದಿದ್ರೂ ನಾನು ಅದನ್ನ ಕಟ್ಟಿಸ್ತಿರಲಿಲ್ಲ ಮಾರ್ತೆ. ಮೀಟಿಂಗಲ್ಲಿ ಬಾಯಿ ತೆಗೀಬೇಕು ಅಂತ ಹೋಗ್ತೀನಿ, ಬಾಯಿ ಬರಲ್ಲ. ಟೀಚರಮ್ಮನ ಕೈಲಾದ್ರೂ ಆಗ್ಲಿ ಅಂತ ಹಾಕಿದೆ. ಸೊನ್ನೆ ಅಂತ ಬಂದಾಗ್ಲೂ ಬಾಯಿ ಬರಲಿಲ್ಲ."

"ಮೂರು ವರ್ಷ ಒಂದೇ ಮೇಜಲ್ಲಿ ಊಟ ಮಾಡಿದೀವಿ. ನನಗೆ ಒಂದು ಮಾತು ಹೇಳಬಾರದಾಗಿತ್ತಾ? ನಿನಗೆ ಏನೂ ಅನ್ನಿಸ್ತಾನೇ ಇಲ್ಲ ಅಂದ್ಕೊಂಡು ಬದುಕಿದೀನಿ ನಾನು!"

ಲುಂಡೆ ಸಿಗ್ನೆಯನ್ನು ಕಂಡು ಟೋಪಿ ತೆಗೆದ. ಅವಳಿಗೆ ಕಣ್ಣು ತುಂಬಿ ಬಂದು ಅವನ ಮುಖ ಸರಿಯಾಗಿ ಕಾಣಿಸಲಿಲ್ಲ.

"ಲುಂಡೆಯವರೇ, ನಾನು ನಿಮ್ಮನ್ನ..."

"ಬಿಡಿ," ಅಂದ. "ಸೇತುವೆ ಎತ್ತರಕ್ಕೆ ಕಟ್ಟಿಸಿ ಟೀಚರಮ್ಮ. ಎಂಜಿನಿಯರ್ ಏಳಡಿ ಸಾಕು ಅಂತಾನೆ, ಕೇಳಬೇಡಿ. ಗಡ್ಡೆ ಕರಗಿದ್ರೆ ನೀರು ಅದಕ್ಕಿಂತ ಮೇಲೆ ಬರುತ್ತೆ, ಒಂಬತ್ತೂವರೆ ಬೇಕು."

"ಒಂಬತ್ತೂವರೆನಾ? ಹೇಗೆ ಗೊತ್ತು ನಿಮಗೆ?"

"ಅಳೆದಿದೀನಿ."

"ಯಾವಾಗ?"

"ಪ್ರತಿ ಏಪ್ರಿಲ್ಲು," ಅಂದ ಹಾಲ್ವರ್ ಲುಂಡೆ. "ಅವಳು ಹೋದ ಜಾಗದಲ್ಲಿ ನಿಂತು."